ಹದ್ದಿನ ಗೂಡಿನಲ್ಲಿ ತಮ್ಮನ ಬಟ್ಟೆ

ಮಾರ್ಚ್ 3, ಸೋಮವಾರ

ಇದು ಹೋದ ವರ್ಷದ ಡೈರಿ. ಮೇಸ್ತ್ರಿ ಅಣ್ಣನಿಗೆ ಕೊಟ್ಟ, ಅಣ್ಣ ನನಗೆ ಕೊಟ್ಟ. ತಾರೀಖು ಸರಿ ಇದೆ, ವಾರ ಸರಿ ಇಲ್ಲ. ಅಚ್ಚಾದ ವಾರದ ಮೇಲೆ ಗೀಟು ಎಳೆದು ನಾನೇ ಬರೆದುಕೊಂಡಿದ್ದೇನೆ. ಐದನೆಯ ತರಗತಿಯಲ್ಲಿ ಗುರುಗಳು, 'ಬಾಲಮ್ಮನ ಬಾಯಿ ಮುಚ್ಚಿದ್ದರೂ ಅಕ್ಷರ ಮುತ್ತಿನ ಹಾಗಿವೆ' ಅಂದಿದ್ದರು. ಆಮೇಲೆ ಶಾಲೆ ಬಿಟ್ಟೆ. ಬಾಯಿ ಇನ್ನೂ ಹಾಗೇ ಇದೆ.

ಮಗು ಹುಟ್ಟಿ ಇವತ್ತಿಗೆ ಹತ್ತು ದಿನ. ಗಂಡು. ಏಳೂವರೆ ತಿಂಗಳಿಗೇ ಬಂದುಬಿಟ್ಟ. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಒಂದು ಕಿಲೋ ಮುನ್ನೂರು ಗ್ರಾಂ. ಪುಪ್ಪುಸ ಇನ್ನೂ ಬಲಿತಿಲ್ಲವಂತೆ. ಅಣ್ಣನ ಹೆಂಡತಿ ಲಕ್ಷ್ಮಿದೇವಿ ವೈನಿ ಅಲ್ಲೇ ಇದ್ದಾಳೆ. ತಾಯಿಯನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಣ್ಣ ಕೆ.ಆರ್. ಪುರದಲ್ಲಿ ಸೆಂಟ್ರಿಂಗ್ ಕೆಲಸ ಮುಗಿಸಿ ಆಸ್ಪತ್ರೆಗೆ ಹೋಗಿ, ಮಗುವಿನ ಬಟ್ಟೆಗಳ ಚೀಲ ಹಿಡಿದು ಮನೆಗೆ ಬರುತ್ತಾನೆ. ನಾನು ಅವನ್ನು ಒಗೆದು ಒಣಗಿಸಿ ಕೊಡಬೇಕು. ಬಾಣಂತನಕ್ಕೆಂದು ಊರಿಂದ ಬಂದವಳು ನಾನು. ಹೆರಿಗೆಯಾದ ಮೇಲೆ ಬಾಣಂತಿಯ ಮುಖವನ್ನೂ ನೋಡಿಲ್ಲ, ಕೂಸಿನ ಮುಖವನ್ನೂ ನೋಡಿಲ್ಲ. ನನ್ನ ಪಾಲಿಗೆ ಸಿಕ್ಕಿದ್ದು ಅಣ್ಣನ ಹಿರಿಮಗಳು ರೇವತಿ. ನಾಲ್ಕು ವರ್ಷ. ಅವ್ವ ಇಲ್ಲದೆ ತುತ್ತು ನುಂಗುವುದಿಲ್ಲ.

ನಮ್ಮದು ಕುಕ್ ಟೌನಿನ ಒಂದು ಓಣಿಯ ಕೊನೆಯ ಕಟ್ಟಡ. ಮಾಳಿಗೆಯ ಮೇಲೆ ತಗಡು ಹೊದಿಸಿದ ಒಂದೇ ಕೋಣೆ. ಹಿಂದೆ ಬೀಗ ಹಾಕಿದ ಹಳೆಯ ಬಂಗಲೆ, ಅದರ ತೋಟದಲ್ಲಿ ಮಳೆಮರ. ಅದರ ಕೊಂಬೆಗಳು ನಮ್ಮ ತಗಡಿನ ಮೇಲೂ ಚಾಚಿವೆ. ನೀರಿನ ತೊಟ್ಟಿಗೆ ಹತ್ತುವ ಕಬ್ಬಿಣದ ಮೆಟ್ಟಿಲಲ್ಲಿ ಕೂತರೆ ಮರದ ಹೊಟ್ಟೆಯೊಳಗೇ ಕೂತ ಹಾಗೆ. ಇವತ್ತು ರೇವತಿಯನ್ನು ಅಲ್ಲಿ ಕೂರಿಸಿಕೊಂಡೆ. ಬಾವಲಿಗಳು ಒಣಹಾಕಿದ ಛತ್ರಿಗಳ ಹಾಗೆ ಜೋತಾಡುತ್ತಿದ್ದವು. ಬಂಗಲೆಯ ಬಾವಿಕಟ್ಟೆಯ ಮೇಲೆ ಮುಂಗುಸಿಯೊಂದು ಎರಡು ಕಾಲಲ್ಲಿ ನಿಂತು ನಮ್ಮನ್ನೇ ನೋಡಿತು.

"ಅತ್ತಿ, ಅದರ ಅವ್ವ ಎಲ್ಲಿ?"

"ಕೆಲಸಕ್ಕ ಹೋಗ್ಯಾಳ."

"ಬರ್ತಾಳ?"

"ಬರ್ತಾಳ."

ಅಷ್ಟು ಹೇಳಿದ್ದಕ್ಕೆ ಎರಡು ರೊಟ್ಟಿ ತಿಂದಳು.

ಮಾರ್ಚ್ 6, ಗುರುವಾರ

ಕೊಂಬೆ ಕವಲೊಡೆದ ಜಾಗದಲ್ಲಿ ಕಡ್ಡಿಗಳ ರಾಶಿಯೊಂದಿತ್ತು. ಕಸ ಅಂದುಕೊಂಡಿದ್ದೆ. ಅದು ಹದ್ದಿನ ಗೂಡು. ಒಳಗೆ ಎರಡು ಮರಿ, ಹಿಂಜಿದ ಹತ್ತಿಯ ಹಾಗೆ ಬೆಳ್ಳಗಿವೆ. ಒಂದು ದೊಡ್ಡದು, ಒಂದು ಸಣ್ಣದು. ರೇವತಿ ಚಪ್ಪಾಳೆ ಹೊಡೆದು ಕುಣಿದಳು. ನಾನು ಅವಳ ಲಂಗ ಹಿಡಿದು ಕೂತಿದ್ದೆ.

ಸಂಜೆ ಕೆಳಗಿನ ಮನೆಯ ಉಮ್ಮೆ ಕುಲ್ಸುಂ ಮಾಳಿಗೆಗೆ ಬಂದರು. ಮಾಲೀಕರ ತಾಯಿ. ರೇವತಿ ಅವರನ್ನು ನಾನಿ ಅನ್ನುತ್ತಾಳೆ. ಉಪವಾಸದ ತಿಂಗಳು. ಉಪವಾಸ ಬಿಡುವ ಮೊದಲು ದಿನಾ ಒಂದು ತಟ್ಟೆ ಮಾಂಸದ ಚೂರು ತಂದು ಮೇಲಕ್ಕೆ ಎಸೆಯುತ್ತಾರೆ. ಎಲ್ಲಿದ್ದವೋ, ಇಪ್ಪತ್ತು ಮೂವತ್ತು ಹದ್ದುಗಳು ಸುತ್ತತೊಡಗಿದವು. ಒಂದೂ ಸದ್ದಿಲ್ಲ, ರೆಕ್ಕೆಯ ಗಾಳಿ ಮಾತ್ರ. ನಾನು ರೇವತಿಯನ್ನು ಸೆರಗಿನಲ್ಲಿ ಸುತ್ತಿ ಗೋಡೆಯ ಬುಡದಲ್ಲಿ ಕೂತುಬಿಟ್ಟೆ.

"ಏನಮ್ಮಾ, ನಿನ್ನನ್ನ ತಿನ್ನಲ್ಲ ಅದು. ನಿನ್ನಲ್ಲಿ ಮಾಂಸ ಎಲ್ಲಿದೆ?" ಅಂದರು ನಾನಿ. ನಾನು ರೇವತಿಯ ತಲೆಯ ಮೇಲೆ ಸೆರಗು ಎಳೆದೆ. "ಬಾಯಿ ಇಲ್ವಾ ಇವಳಿಗೆ?"

ಸೆರಗಿನೊಳಗಿಂದ ರೇವತಿ, "ಅದ ನಾನಿ. ನನ್ ಸಂಗಾಟ ಅಷ್ಟೇ ಮಾತಾಡ್ತಾಳ" ಅಂದಳು.

"ಅರೆ, ನೀನು ಇವಳ ವಕೀಲಳಾ?"

ಇಬ್ಬರೂ ನಕ್ಕರು. ನನಗೂ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ.

ಮಾರ್ಚ್ 8, ಶನಿವಾರ

ಅವ್ವ ಊರಿಂದ ದಿನಾ ಫೋನಿನಲ್ಲಿ ಹೇಳುವುದು ಒಂದೇ ಮಾತು. "ಕೂಸಿನ ಅರಿವಿ ದೀಪ ಹಚ್ಚೋದರಾಗ ಒಳಗ ತಗೋ. ಹೊರಗ ಬಿಟ್ಟಿ ಅಂದ್ರ ಕೂಸಿನ್ನ ಬಿಟ್ಟಂಗ."

ಇವತ್ತು ಮರೆತೆ. ರೇವತಿ ಅಳಿಲಿನ ಹಿಂದೆ ಓಡುತ್ತಿದ್ದಳು, ನಾನು ಅವಳ ಹಿಂದೆ. ದೀಪ ಹಚ್ಚಿದ ಮೇಲೆ ನೆನಪಾಯಿತು. ನಾಲ್ಕು ಬಟ್ಟೆ ಹಾಕಿದ್ದೆ. ತಂತಿಯ ಮೇಲೆ ಮೂರಿದ್ದವು. ವೈನಿಯ ಹಳೆಯ ಹಳದಿ ಸೀರೆ ಹರಿದು ಮಾಡಿದ ತುಂಡೊಂದು ಇಲ್ಲ. ಮಾಳಿಗೆ, ಓಣಿ, ಚರಂಡಿ ಎಲ್ಲ ಹುಡುಕಿದೆ. ಗಾಳಿ ಇರಲಿಲ್ಲ.

ಅಣ್ಣನಿಗೆ ಹೇಳಿಲ್ಲ.

ಮಾರ್ಚ್ 9, ಭಾನುವಾರ

ಬಟ್ಟೆ ಸಿಕ್ಕಿತು. ಗೂಡಿನಲ್ಲಿದೆ. ಹದ್ದು ಅದನ್ನು ಹಾಸಿದೆ. ಸಣ್ಣ ಮರಿ ಅದರ ಮೇಲೆ ತಲೆ ಇಟ್ಟು ಮಲಗಿದೆ.

ಮೆಟ್ಟಿಲಿನ ಮೇಲೆ ಇರುವಾಗಲೇ ವೈನಿಯ ಫೋನು ಬಂತು. ನಿನ್ನೆ ದೀಪ ಹಚ್ಚುವ ಹೊತ್ತಿಗೆ ಮಗು ಉಸಿರಾಡುವುದನ್ನು ನಿಲ್ಲಿಸಿತ್ತಂತೆ. ನರ್ಸು ಅಂಗಾಲಿಗೆ ಬೆರಳಿನಿಂದ ಹೊಡೆದ ಮೇಲೆ ಮತ್ತೆ ಉಸಿರು ಬಂತು. ಇವತ್ತು ಬೆಳಿಗ್ಗೆ ಇನ್ನೊಂದು ಸಲ. "ಇಂಥಾ ಕೂಸುಗಳಿಗಿ ಹಂಗಾ ಆಗ್ತದಂತ ಡಾಕ್ಟರ್ ಅಂತಾರ. ಉಸಿರು ಆಡೋದು ಮರೀತಾವಂತ ಬಾಲವ್ವ" ಎಂದು ವೈನಿ ಅತ್ತಳು. ಹ್ಞೂಂ ಅಂದೆ.

ರೇವತಿ ಗೂಡನ್ನೇ ನೋಡುತ್ತಿದ್ದಳು.

"ಅತ್ತಿ, ಸಣ್ಣ ಮರಿ ತಮ್ಮನ ಅರಿವಿ ಮ್ಯಾಲ ಮಲಗ್ಯಾದ."

"ಹ್ಞೂಂ."

"ಹಂಗಾದ್ರ ಅದೇ ತಮ್ಮ."

ಅವಳು ತಮ್ಮನನ್ನು ನೋಡಿಲ್ಲ. ಪೆಟ್ಟಿಗೆಯಲ್ಲಿದ್ದಾನೆ ಅಂತ ಮಾತ್ರ ಕೇಳಿದ್ದಾಳೆ. ಹಾಗೆ ಅನ್ನಬಾರದು ಅಂತ ಹೇಳಬೇಕೆಂದುಕೊಂಡೆ. ಹೇಳದೆ ಅವಳನ್ನು ಕೆಳಗಿಳಿಸಿಕೊಂಡು ಬಂದೆ.

ಮಾರ್ಚ್ 11, ಮಂಗಳವಾರ

ನಾನಿಯ ಮೊಮ್ಮಗಳು ಮಹೀನ್‌ಗೆ ಜ್ವರ. ಸಂಜೆ ಅವಳನ್ನು ಮಾಳಿಗೆಗೆ ಕರೆತಂದು ನಿಲ್ಲಿಸಿ, ಮಾಂಸದ ತುಂಡೊಂದನ್ನು ತಲೆಯ ಸುತ್ತ ಮೂರು ಸಲ ಸುತ್ತಿ ಹದ್ದಿಗೆ ಎಸೆದರು. ತುಂಡು ಕೆಳಗೆ ಬೀಳಲೇ ಇಲ್ಲ. ಗಾಳಿಯಲ್ಲೇ ಕಾಲಿನಿಂದ ಹಿಡಿದುಕೊಂಡು ಹೋಯಿತು.

ನಾನು ಹತ್ತಿರ ಹೋಗಿ ಕೇಳಿದೆ. ಈ ಊರಿಗೆ ಬಂದು ಮೂರು ತಿಂಗಳಲ್ಲಿ ಅವರ ಜೊತೆ ಆಡಿದ ಮೊದಲ ಮಾತು. "ನಾನಿ, ಹಿಂಗ ಮಾಡಿದ್ರ ಏನಾಗ್ತದ್ರಿ?"

"ಮಾತು ಬರ್ತದೆ ನಿನಗೆ! ಇದು ಸದ್ಖಾ ಬೇಟಿ, ದಾನ. ಮಗು ಮೇಲಿರೋ ಬಲಾ, ಪೀಡೆ ಎಲ್ಲ ಹೋಗ್ತದೆ."

"ಎಲ್ಲಿಗಿ ಹೋಗ್ತದ?"

"ಹೋಗ್ತದೆ ಅಂದ್ರೆ ಹೋಗ್ತದೆ. ವಿಳಾಸ ಕೊಡ್ಲಾ?"

ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ನಮ್ಮಲ್ಲೂ ನಿವಾಳಿಸುತ್ತೇವೆ. ಉಪ್ಪು, ಮೆಣಸಿನಕಾಯಿ, ನಿಂಬೆಹಣ್ಣು. ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಚೆಲ್ಲಬೇಕು. ತುಳಿದವರಿಗೆ ಹತ್ತುತ್ತದೆ. ಸಣ್ಣವಳಿದ್ದಾಗ ಕೊಯ್ದ ನಿಂಬೆಹಣ್ಣು ದಾಟಲು ಹೋಗಿದ್ದಕ್ಕೆ ಅವ್ವ ನನ್ನ ರಟ್ಟೆ ಹಿಡಿದು ಎಳೆದು ಬಿಟ್ಟಿದ್ದಳು. ತುಳಿದವರಿಗೇ ಹತ್ತುವುದಾದರೆ, ತಿಂದವರಿಗೆ?

ಮಾರ್ಚ್ 12, ಬುಧವಾರ

ಮುಖ್ಯರಸ್ತೆಯ ಸೈಫ್‌ನ ಮಟನ್ ಅಂಗಡಿಗೆ ಹೋದೆ. ರೇವತಿಯ ಕೈ ಹಿಡಿದು ಬಹಳ ಹೊತ್ತು ಹೊರಗೇ ನಿಂತಿದ್ದೆ.

"ಏನ್ ಬೇಕು, ಬಾಯ್ಬಿಟ್ಟು ಹೇಳಮ್ಮಾ. ಕುರಿಗಳೇ ನಿನಗಿಂತ ಜಾಸ್ತಿ ಮಾತಾಡ್ತವೆ" ಅಂದ.

ಬೆರಳು ತೋರಿಸಿದೆ. ಹದ್ದಿಗೆ ಅಂದಾಗ ಎಸೆಯಲು ಇಟ್ಟಿದ್ದ ಚೂರುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಮಗು ಇಲ್ಲಿಲ್ಲ. ಮಗುವಿನ ಬಟ್ಟೆ ಇದೆ. ಒಗೆಯುವ ಮೊದಲು ಅದರಲ್ಲಿ ಅವನ ವಾಸನೆ ಇರುತ್ತದೆ, ಹುಳಿಹಾಲಿನ ಹಾಗೆ. ಬಟ್ಟೆಯನ್ನು ತೊಡೆಯ ಮೇಲೆ ಹರಡಿ ಅದರ ಸುತ್ತ ಮೂರು ಸಲ ಸುತ್ತಿ, ನಮ್ಮ ಗೂಡಿನ ಹದ್ದು ಬರುವವರೆಗೆ ಕಾದು ಎಸೆದೆ. ಅದರ ಎಡರೆಕ್ಕೆಯಲ್ಲಿ ಒಂದು ಗರಿ ಇಲ್ಲ, ಹಾಗಾಗಿ ಗುರುತು ಸಿಗುತ್ತದೆ. ಗೂಡಿನ ಅಂಚಿಗೆ ಕೂತು ಸಿಗಿದು ದೊಡ್ಡ ಮರಿಗೆ ಕೊಟ್ಟಿತು. ಕೊನೆಯ ಒಂದು ಎಳೆ ಸಣ್ಣದಕ್ಕೆ ಸಿಕ್ಕಿತು. ನುಂಗುವುದನ್ನು ನೋಡಿದೆ.

ರೇವತಿ, "ತಮ್ಮ ಉಂಡ!" ಅಂದಳು.

ಮಾರ್ಚ್ 14, ಶುಕ್ರವಾರ

ಎರಡು ದಿನದಿಂದ ಮಗು ಉಸಿರು ಮರೆತಿಲ್ಲ. ಮೂವತ್ತು ಗ್ರಾಂ ಹೆಚ್ಚಾಗಿದೆ. ವೈನಿಯ ದನಿಯಲ್ಲಿ ನಗು ಇತ್ತು.

ಗೂಡಿನಲ್ಲಿ ದೊಡ್ಡ ಮರಿ ಸಣ್ಣದರ ತಲೆಯನ್ನು ಕುಕ್ಕುತ್ತಿದೆ. ಒಂದು ಕಡೆ ರೋಮ ಕಿತ್ತು ಕೆಂಪಗೆ ಕಾಣುತ್ತದೆ. ತಾಯಿ ಪಕ್ಕದಲ್ಲೇ ಕೂತಿರುತ್ತದೆ, ಬಿಡಿಸುವುದಿಲ್ಲ.

"ಹೊಡಿಬ್ಯಾಡಂತ ಹೇಳ ಅತ್ತಿ. ತಮ್ಮಗ ಹೊಡಿಲಕತ್ತದ!"

"ಅದರ ಜಾತಿ ಹಂಗಾ ಇರ್ತದ."

ರೇವತಿ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ನೋಡಿದೆ. ಎಷ್ಟು ಸಲ ಕುಕ್ಕುತ್ತದೆ ಅಂತ ಎಣಿಸಿದೆ. ಹನ್ನೊಂದು.

ಮಾರ್ಚ್ 17, ಸೋಮವಾರ

ಒಂದು ಕಿಲೋ ನಾನೂರ ಇಪ್ಪತ್ತು. ಸಣ್ಣ ಮರಿಯ ಒಂದು ಕಣ್ಣು ಮುಚ್ಚಿದೆ.

ಈಗ ನಾನಿಗಿಂತ ಮೊದಲು ನಾನೇ ಮಾಳಿಗೆಯಲ್ಲಿರುತ್ತೇನೆ. ನಾನು ಬಾಯಲ್ಲಿ ಏನೋ ಹೇಳಿಕೊಳ್ಳುತ್ತೇನಂತೆ, ನಾನಿ ಕೇಳಿಸಿಕೊಂಡಿದ್ದಾರೆ. "ಏನು ಪಿಸಿಪಿಸಿ ಅಂತೀಯ ಅದಕ್ಕೆ?" ಎಂದು ಕೇಳಿದರು. ಹೇಳಿಬಿಟ್ಟೆ. ಬಟ್ಟೆ ಹೋದದ್ದು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಮಗುವಿನ ಪೀಡೆ ಹದ್ದಿನ ಮರಿಗೆ ಹೋಗುತ್ತಿದೆ, ಅದು ಬಡವಾದಷ್ಟೂ ಇದು ಹೆಚ್ಚುತ್ತಿದೆ ಅಂತ.

ನಾನಿ ತಟ್ಟೆ ಕೆಳಗಿಟ್ಟರು.

"ತೋಬಾ ತೋಬಾ. ಹಾಗಲ್ಲ ಬೇಟಿ. ಚೀಲ್‌ಗೆ, ಹದ್ದಿಗೆ ಏನೂ ಆಗಲ್ಲ. ಹಸಿದ ಜೀವದ ಹೊಟ್ಟೆ ತುಂಬ್ತದೆ, ಮೇಲಿನವನು ನೋಡ್ತಾನೆ. ಅಷ್ಟೇ. ರೋಗ ತಿನ್ಸೋದಕ್ಕೆ ಯಾರಾದ್ರೂ ದಾನ ಮಾಡ್ತಾರಾ?"

ತಲೆ ಆಡಿಸಿದೆ. ಅವರು ಒಳ್ಳೆಯವರು, ಅವರಿಗೆ ಗೊತ್ತಿಲ್ಲ. ಚೆಲ್ಲಿದ ನೀರು ಕೂಡ ಎಲ್ಲಿಗಾದರೂ ಹರಿಯಲೇಬೇಕು.

ಮಾರ್ಚ್ 20, ಗುರುವಾರ

ಸೈಫ್ ಇವತ್ತು ಬರೀ ಕೊಬ್ಬು ಕೊಟ್ಟ. ಅಂಗಡಿ ತುಂಬ ಜನ ಇದ್ದರು.

"ಇದು ಬ್ಯಾಡ್ರಿ. ಪುಪ್ಪುಸ ಕೊಡ್ರಿ."

"ಫೆಪ್ಡಾನಾ? ಅದು ನಾಯಿಗೆ ಹೇಳಿಟ್ಟಿದ್ದಾರಮ್ಮಾ."

"ನಾಯಿಗಿ ಕೊಬ್ಬು ಕೊಡ್ರಿ. ನನಗ ಪುಪ್ಪುಸ ಬೇಕು. ದಿನಾ ಬೇಕು."

ಕತ್ತಿ ಹಿಡಿದ ಕೈ ಹಾಗೇ ನಿಂತಿತು. "ಏನ್ ಗುರು, ಮೊನ್ನೆವರೆಗೂ ಮೂಕಿ ಆಗಿದ್ದಳು" ಅಂತ ಪಕ್ಕದವನಿಗೆ ಹೇಳಿ ಕೊಟ್ಟ. ಯಾರೋ ನಕ್ಕರು. ನನಗೆ ನಾಚಿಕೆ ಆಗಲಿಲ್ಲ.

ಮಗುವಿಗೆ ಕಮ್ಮಿ ಇರುವುದು ಪುಪ್ಪುಸ. ಅದನ್ನೇ ಕೊಡಬೇಕಲ್ಲವೇ? ಈಗ ಎಸೆಯುವುದೂ ಬೇಡ. ಅಂಗೈಯಲ್ಲಿ ಹಿಡಿದು ಕೈ ಎತ್ತಿದರೆ ಹದ್ದು ಬಂದು ತೆಗೆದುಕೊಂಡು ಹೋಗುತ್ತದೆ. ಉಗುರು ತಾಗುತ್ತದೆ, ಗೀಚುವುದಿಲ್ಲ.

ರೇವತಿ ನನ್ನ ಸೆರಗಿನಲ್ಲಿ ಬರುವುದನ್ನು ಬಿಟ್ಟಿದ್ದಾಳೆ. ಬಾಗಿಲಲ್ಲಿ ನಿಂತು ನೋಡುತ್ತಾಳೆ.

ಮಾರ್ಚ್ 23, ಭಾನುವಾರ

ಅಣ್ಣ ನಮ್ಮಿಬ್ಬರನ್ನು ಹಲಸೂರು ಕೆರೆಗೆ ಕರೆದುಕೊಂಡು ಹೋದ. ದೊಡ್ಡ ಕೊಕ್ಕಿನ ಬಿಳಿ ಹಕ್ಕಿಗಳು ದೋಣಿಗಳ ಹಾಗೆ ತೇಲುತ್ತಿದ್ದವು. ಕರಿ ಹಕ್ಕಿಯೊಂದು ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ರೇವತಿ, "ಅಪ್ಪ, ಅದರ ಅಂಗಿ ಒದ್ದಿ ಆಗ್ಯಾದ" ಅಂದಳು. ಅಣ್ಣ ಅಷ್ಟು ನಕ್ಕದ್ದನ್ನು ನೋಡಿ ತಿಂಗಳಾಗಿತ್ತು. ಜೋಳ ಸುಡಿಸಿ ಕೊಟ್ಟ.

ನನಗೆ ಮನೆಗೆ ಹೋಗುವ ಅವಸರ. ನೀರಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಅವುಗಳಲ್ಲಿ ಎಡರೆಕ್ಕೆಯ ಗರಿ ಇಲ್ಲದ್ದೂ ಒಂದಿತ್ತು. ಇಷ್ಟು ದೂರ ಯಾಕೆ ಬಂದಿದೆ, ಇವತ್ತು ನಾನು ಮಾಳಿಗೆಯಲ್ಲಿ ಇಲ್ಲ ಅಂತ ಹುಡುಕಿಕೊಂಡು ಬಂತೇ?

"ಏ ಬಾಲವ್ವ! ಮ್ಯಾಲ ಏನ್ ನೋಡ್ಲಕತ್ತಿ, ಮಗಿ ಕೈ ಹಿಡಿ!" ಅಣ್ಣ ಚೀರಿದ. ರೇವತಿ ರಸ್ತೆಯ ನಡುವೆ ನಿಂತಿದ್ದಳು. ಕೈ ಯಾವಾಗ ಬಿಟ್ಟೆನೋ ಗೊತ್ತಾಗಲಿಲ್ಲ. ಬಸ್ಸು ನಿಂತಿತು. ಏನೂ ಆಗಲಿಲ್ಲ.

ಮಾರ್ಚ್ 24, ಸೋಮವಾರ

ಸಣ್ಣ ಮರಿ ಬಿದ್ದಿದೆ. ಗೂಡಿನಿಂದ ನಮ್ಮ ತಗಡಿನ ಮೇಲೆ ಬಿದ್ದು ಜಾರಿ ಮಾಳಿಗೆಗೆ ಬಂದಿದೆ. ಬೆಳಿಗ್ಗೆ ರೇವತಿ ನೀರಿನ ಡ್ರಮ್ಮಿನ ಸಂದಿಯಲ್ಲಿ ನೋಡಿ ಎತ್ತಿಕೊಂಡು ಬಂದಳು. ಒಂದು ಕಣ್ಣು, ಬೋಳು ತಲೆ. ಬದುಕಿದೆ.

"ತಮ್ಮ ಮನಿಗಿ ಬಂದಾನ!"

ನಾನಿ ಕೈಮಾ ಕಲಸಿ ಕೊಟ್ಟು, ಬೆರಳಿನಿಂದ ತಿನ್ನಿಸುವುದನ್ನು ಅವಳಿಗೆ ಕಲಿಸಿದರು. ಬಟ್ಟೆ ಇಡುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಟ್ಟಿದ್ದಾಳೆ. ಅದು ಬಾಯಿ ತೆರೆದಾಗಲೆಲ್ಲ ಅವಳೂ ಬಾಯಿ ತೆರೆಯುತ್ತಾಳೆ. ರಾತ್ರಿ ಊಟಕ್ಕೆ ಅವ್ವ ಬೇಕು ಅನ್ನಲಿಲ್ಲ.

ನಾನು ಅದನ್ನು ಮುಟ್ಟಿಲ್ಲ.

ಮಾರ್ಚ್ 26, ಬುಧವಾರ

ಮರಿ ಚೇತರಿಸಿಕೊಂಡಿದೆ. ಕೂಗುತ್ತದೆ. ಹೊಟ್ಟೆ ಗುಂಡಗಾಗಿದೆ. ಮುಚ್ಚಿದ ಕಣ್ಣೂ ಸ್ವಲ್ಪ ತೆರೆದಿದೆ.

ಮಗುವಿನ ತೂಕ ಇಪ್ಪತ್ತು ಗ್ರಾಂ ಇಳಿದಿದೆ. ಹಾಲು ಕೊಟ್ಟರೆ ಹೊರಗೆ ಹಾಕುತ್ತಿದೆ.

ಮಾರ್ಚ್ 27, ಗುರುವಾರ

ಜ್ವರ. ರಕ್ತದಲ್ಲಿ ನಂಜು ಅಂದಿದ್ದಾರೆ. ಬೇರೆ ಸೂಜಿಮದ್ದು ಶುರು ಮಾಡಿದ್ದಾರೆ. ಎರಡು ದಿನ ಕಳೆಯಬೇಕು, ಈಗಲೇ ಏನೂ ಹೇಳುವುದಕ್ಕಾಗುವುದಿಲ್ಲ ಅಂದರಂತೆ ಡಾಕ್ಟರು. ಅಣ್ಣ ಕೆಲಸ ಬಿಟ್ಟು ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದಾನೆ. ಫೋನಿನಲ್ಲಿ ವೈನಿಯ ಉಸಿರು ಮಾತ್ರ ಕೇಳಿಸಿತು.

ಬುಟ್ಟಿಯ ಹತ್ತಿರದಿಂದ ರೇವತಿ ಕೂಗಿದಳು. "ಅತ್ತಿ ನೋಡಿಲ್ಲಿ! ತಮ್ಮ ಎಲ್ಲಾ ಉಂಡ! ಇನ್ನಾ ಬೇಕಂತ!"

ಅವಳಿಗೆ ಹೊಡೆದೆ. ಎಂದೂ ಹೊಡೆದಿರಲಿಲ್ಲ. ಅವಳು ಅಳಲಿಲ್ಲ. ಬುಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ನನ್ನ ಕೈಯನ್ನೇ ನೋಡಿದಳು.

ಮಾರ್ಚ್ 28, ಶುಕ್ರವಾರ

ನಾನಿ ನಮಾಜಿಗೆ ಕೂತಿದ್ದರು. ಮಾಳಿಗೆಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ರೇವತಿ ನಿದ್ದೆ ಹೋದ ಮೇಲೆ ಬುಟ್ಟಿಯಿಂದ ಎತ್ತಿಕೊಂಡೆ. ಬೆಚ್ಚಗಿತ್ತು. ಎದೆ ಬಡಿಯುವುದು ಬೆರಳಿಗೆ ತಿಳಿಯುತ್ತಿತ್ತು. ನೀರಿನ ತೊಟ್ಟಿಯ ಹಿಂದೆ ಗೋಡೆ ಮತ್ತು ತಗಡಿನ ನಡುವೆ ಒಂದು ಜಾಗ ಇದೆ, ಅಲ್ಲಿ ಇಟ್ಟೆ. ಬಿಸಿಲಿತ್ತು. ತಗಡು ಕಾದಿತ್ತು. ಇಟ್ಟು ಬಂದೆ. ನಾನು ಏನೂ ಮಾಡಲಿಲ್ಲ.

ರೇವತಿ ಎದ್ದಾಗ, ಗೂಡಿನಲ್ಲಿ ಇಟ್ಟು ಬಂದೆ ಅಂತ ಹೇಳಿದೆ.

ಸ್ವಲ್ಪ ಹೊತ್ತು ಕೂಗಿತು.

ಮಾರ್ಚ್ 29, ಶನಿವಾರ

ಜ್ವರ ಇಳಿದಿದೆ! ಬೆಳಿಗ್ಗೆ ಆರೂವರೆಗೆ ಅಣ್ಣನ ಫೋನು. ಹಾಲು ಕುಡಿದು ಮಲಗಿದ್ದಾನಂತೆ. ಡಾಕ್ಟರು ಅಣ್ಣನ ಭುಜ ತಟ್ಟಿದರಂತೆ. ಅಣ್ಣ ಗಂಡಸು, ಗೊಳೋ ಎಂದು ಅತ್ತ. ನಾನೂ ಅತ್ತೆ. ದೇವರ ಮುಂದೆ ದೀಪ ಹಚ್ಚಿದೆ.

ಬೆಲ್ಲ ಹಾಕಿ ಹುಗ್ಗಿ ಮಾಡಿದೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ರೇವತಿಗೆ ಬೇಡವಂತೆ.

ಮಾರ್ಚ್ 31, ಸೋಮವಾರ

ಹಬ್ಬ. ನಾನಿ ಸುರಕುಂಬಾ ಪಾಯಸ ತಂದುಕೊಟ್ಟರು. "ಎಲ್ಲಿ ನಿನ್ನ ಹಕ್ಕಿ?" ಅಂತ ರೇವತಿಯನ್ನು ಕೇಳಿದರು.

"ಗೂಡಿನಾಗ ಇಟ್ಟಾಳಂತ ಅತ್ತಿ."

'ಇಟ್ಟಾಳ' ಅನ್ನಲಿಲ್ಲ. 'ಇಟ್ಟಾಳಂತ' ಅಂದಳು.

ನಾನಿ ನನ್ನನ್ನು ನೋಡಿದರು. ಬೆಳಿಗ್ಗೆ ತೊಟ್ಟಿಯ ಹಿಂದೆ ಯಾರೋ ಗುಡಿಸಿದ್ದರು, ನೀರು ಹಾಕಿ ತೊಳೆದಿದ್ದರು. ನಾನಿ ರೇವತಿಯ ತಲೆ ಸವರಿ, "ಮಹೀನ್ ಜೊತೆ ಆಡೋಕೆ ಕೆಳಗೆ ಬಾ ಮಗಾ. ದಿನಾ ಬಾ" ಅಂದರು.

ಅವಳು ಹೋದಳು. ಸಂಜೆಯವರೆಗೂ ಬರಲಿಲ್ಲ. ನನಗೂ ಆರಾಮವಾಯಿತು.

ಏಪ್ರಿಲ್ 12, ಶನಿವಾರ

ಮಗು ಮನೆಗೆ ಬಂದ.

ಒಂದು ಕಿಲೋ ಒಂಬೈನೂರು. ಮುಖ ಬೆರಳು ಮಡಿಚಿದ ಮುಷ್ಟಿಯಷ್ಟಿದೆ. ಅಣ್ಣ ಆಟೋದಿಂದ ಮೂರು ಮಹಡಿ ಎತ್ತಿಕೊಂಡು ಬರುವಾಗ ಒಂದೊಂದು ಮೆಟ್ಟಿಲಿಗೂ ನಿಂತ. ವೈನಿ ಅರ್ಧ ಆಗಿದ್ದಾಳೆ. ಕೆಳಗಿನ ಮನೆಯವರೆಲ್ಲ ಬಂದರು. ಕರೆತರಲು ನಾನೂ ಹೋಗಿದ್ದೆ; ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಇನ್ನೂ ಕಾಗದ ಬೇಕು ಅಂತ ತಡೆದಾಗ ನಾನೇ ಎದುರು ನಿಂತು ಮಾತಾಡಿದ್ದೆ. ವೈನಿ ಅದನ್ನು ಎಲ್ಲರಿಗೂ ಹೇಳಿದಳು.

"ನಮ್ಮ ಬಾಲವ್ವ ಊರಿಂದ ಬಂದಾಗ ನೆರಳಿಗಿ ಅಂಜತಿದ್ದಳು. ಈಗ ನೋಡ್ರಿ, ಎಷ್ಟ್ ಗಟ್ಟಿ ಆಗ್ಯಾಳ!"

ನನಗೆ ಸಂತೋಷವಾಯಿತು. ವೈನಿ ಮಗುವನ್ನು ನನ್ನ ಕಡೆ ಚಾಚಿದಳು. "ತಗೋ, ನಿನ್ನ ಅಳಿಯ. ಇಷ್ಟ್ ದಿನ ಇವನ ಅರಿವಿ ಒಗದದ್ದು ನೀನೇ."

"ಅತ್ತಿಗಿ ಕೊಡಬ್ಯಾಡ" ಅಂದಳು ರೇವತಿ.

ಎಲ್ಲರೂ ನಕ್ಕರು. ತಮ್ಮ ಬಂದದ್ದಕ್ಕೆ ಹೊಟ್ಟೆಕಿಚ್ಚು ಅಂದರು. ಅಣ್ಣ, "ಹಂಗಾದ್ರ ನಿನಗ ಕೊಡಮೇನು?" ಅಂತ ಕಾಡಿಸಿದ. ಅವಳು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು, ತೊಡೆಯ ಮೇಲೆ ದಿಂಬು ಇಟ್ಟುಕೊಂಡಳು, ಕೈ ಚಾಚಿದಳು. ಯಾರೂ ಕಲಿಸಿರಲಿಲ್ಲ. ಅಷ್ಟು ನಾಜೂಕಾಗಿ ಹಿಡಿದದ್ದನ್ನು ನೋಡಿ ವೈನಿಗೆ ಕಣ್ಣೀರು ಬಂತು. ನಾನಿ ಮಾತ್ರ ನಗಲಿಲ್ಲ.

ಏಪ್ರಿಲ್ 16, ಬುಧವಾರ

ರಾತ್ರಿ ಮಗು ಎರಡು ಸಲ ಸೀನಿದ. ಬೆಳಿಗ್ಗೆ ಮೂಗು ಕಟ್ಟಿದೆ. ಹಾಲು ಎಂದಿನಂತೆ ಕುಡಿಯುತ್ತಿದ್ದಾನೆ, ಜ್ವರ ಇಲ್ಲ. ನರ್ಸಮ್ಮನಿಗೆ ಫೋನು ಮಾಡಿದರೆ, ಸಣ್ಣ ನೆಗಡಿ ಇರಬಹುದು, ಆದರೂ ಸಂಜೆ ಕರೆದುಕೊಂಡು ಬಂದು ತೋರಿಸಿ ಅಂದರು. ವೈನಿ ಸರಿ ಅಂದು ಹಾಲುಣಿಸಿ ಮಲಗಿಸಿದಳು. ಸಣ್ಣದು ಅಂತ ಬಿಟ್ಟರೆ ಹೇಗೆ? ದೊಡ್ಡದಾಗುವ ಮೊದಲೇ ನೋಡಿಕೊಳ್ಳಬೇಕು.

ಗೂಡು ಖಾಲಿಯಾಗಿದೆ. ದೊಡ್ಡ ಮರಿ ಹಾರಿಹೋಗಿದೆ, ಗರಿ ಇಲ್ಲದ ಹದ್ದೂ ಬರುತ್ತಿಲ್ಲ. ಕೈ ಎತ್ತಿ ಬಹಳ ಹೊತ್ತು ನಿಂತಿದ್ದೆ.

ಹಾಲು ತರಲು ಹೋದಾಗ ರಿಚರ್ಡ್ಸ್ ಟೌನಿನ ಕಡೆಯ ತಿರುವಿನಲ್ಲಿ ಮಣ್ಣಿನ ರಾಶಿಯ ಪಕ್ಕ ನಾಯಿ ಮರಿ ಹಾಕಿದ್ದು ನೋಡಿದೆ. ಕಣ್ಣು ಈಗಷ್ಟೇ ಬಿಟ್ಟಿವೆ. ಮನೆಗೆ ಬಂದು ರೇವತಿಯನ್ನು ಕರೆದೆ. ಮೊದಲಾಗಿದ್ದರೆ ಚಪ್ಪಲಿ ಹಾಕದೆ ಓಡಿ ಬರುತ್ತಿದ್ದಳು.

"ಬಾ ಅವ್ವಿ, ನಾಯಿಮರಿ ತೋರಸ್ತೀನಿ. ಐದು ಅವ."

"ಬ್ಯಾಡ."

"ಬಿಳೀದು ಅದ, ಕರೀದು ಅದ. ಎತ್ತಕೊಳಾಕ ಕೊಡ್ತೀನಿ."

"ಬ್ಯಾಡ ಅತ್ತಿ. ಅವು ಅಲ್ಲೇ ಇರ್ಲಿ."

"ಯಾಕ?"

ಅವಳು ತೊಟ್ಟಿಲಿನ ಹತ್ತಿರ ಹೋಗಿ ಅದಕ್ಕೂ ನನಗೂ ನಡುವೆ ಕೂತಳು. ನಾನು ಮೆಟ್ಟಿಲು ಇಳಿಯುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಈ ಹುಡುಗಿಗೆ ಈಚೆಗೆ ಏನಾಗಿದೆಯೋ. ಹಕ್ಕಿ ಬೇಡ, ಅಳಿಲು ಬೇಡ. ವೈನಿಗೆ ಹೇಳಬೇಕು.

ಒಬ್ಬಳೇ ಹೋದೆ. ತಾಯಿ ಎಲ್ಲೋ ಹೋಗಿತ್ತು. ನಾಲ್ಕು ಮರಿ ಒಂದರ ಮೇಲೊಂದು ಮಲಗಿದ್ದವು. ಐದನೆಯದು ಬೇರೆಯಾಗಿ ಬಿದ್ದಿತ್ತು, ಎಲ್ಲಕ್ಕಿಂತ ಸಣ್ಣದು. ಎತ್ತಿಕೊಂಡೆ. ಒಂದು ಕೈಯಲ್ಲಿ ಹಿಡಿಸುತ್ತದೆ. ಬೆರಳು ಕೊಟ್ಟೆ, ಚೀಪಿತು.

ಹಸಿದಿದೆ.